ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಸ್ಕ್ಲೆರೋಡರ್ಮಾ ರೋಗಿಗಳ ಹೃದಯವನ್ನು ದಮ್ಮು ಹತ್ತುವ ಮೊದಲೇ ನೋಡಿಸಿ

ಸನ್ಮಾನ್ಯರೇ,

ಚಳಿಗೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಕೈ-ಮುಖದ ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾವನ್ನು (ಸಿಸ್ಟಮಿಕ್ ಸ್ಕ್ಲೆರೋಸಿಸ್) ಬರೀ ಚರ್ಮರೋಗ ಎಂದೇ ಬಹಳ ಜನ ತಿಳಿದಿದ್ದಾರೆ. ಜೀವಕ್ಕೆ ಕುತ್ತು ಬರುವುದು ಮಾತ್ರ ಹೆಚ್ಚಾಗಿ ಶ್ವಾಸಕೋಶ ಮತ್ತು ಹೃದಯದಿಂದ. ಹೃದಯದ ಸ್ನಾಯುವಿನಲ್ಲಿ ನಾರು ಬೆಳೆದು ಬಡಿತ ಏರುಪೇರಾಗುತ್ತದೆ, ಸುತ್ತಲಿನ ಪೊರೆಯಲ್ಲಿ ನೀರು ತುಂಬಬಹುದು. ಸುಮಾರು ಹತ್ತರಲ್ಲಿ ಒಬ್ಬರಿಗೆ ಶ್ವಾಸಕೋಶದ ರಕ್ತನಾಳಗಳು ಕಿರಿದಾಗಿ, ಅಲ್ಲಿನ ಒತ್ತಡ ಏರಿ, ಹೃದಯದ ಬಲಭಾಗ ಸೋಲತೊಡಗುತ್ತದೆ. ರೋಗಿಗಳಲ್ಲಿ ಹೆಚ್ಚಿನವರು ಮಹಿಳೆಯರು. ದಮ್ಮು ಎಂದರೆ ‘ರಕ್ತ ಕಡಿಮೆ’ ಎಂದು ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದರೆ ತಿಂಗಳುಗಳು ಕಳೆದುಹೋಗುತ್ತವೆ.

ದೊಡ್ಡ ತೊಡಕು ಇರುವುದು ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ. ‘ಇ.ಎಫ್. 60%, ನಾರ್ಮಲ್’ ಎಂಬ ಸಾಲು ಓದಿ ಎಲ್ಲರೂ ನೆಮ್ಮದಿಯಾಗುತ್ತಾರೆ. ಆ ಅಂಕಿ ಹೇಳುವುದು ಎಡಭಾಗ ರಕ್ತ ನೂಕುವ ಬಲವನ್ನಷ್ಟೇ. ಈ ರೋಗ ಬಲಭಾಗವನ್ನು ತಿನ್ನುತ್ತಿದ್ದರೂ ಆ ಅಂಕಿ ಚೆನ್ನಾಗಿಯೇ ಕಾಣಬಹುದು. ಹಾಗಾಗಿ ಈ ರೋಗಿಗಳ ವರದಿಯಲ್ಲಿ ಹೃದಯದ ಬಲಭಾಗದ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗ, ಬಲಹೃದಯದ ಕೆಲಸ ತೋರುವ ಟ್ಯಾಪ್ಸಿ, ಪೊರೆಯ ನೀರು, ಎಡಹೃದಯ ಸಡಿಲಗೊಳ್ಳುವ ರೀತಿ, ಇವಿಷ್ಟನ್ನು ಬರೆಯುವುದು ಕಡ್ಡಾಯವಾಗಲಿ. ಸೋರಿಕೆಯ ವೇಗ ಸೆಕೆಂಡಿಗೆ 2.8 ಮೀಟರ್ ದಾಟಿದರೆ ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದೆಯೆಂಬ ಅನುಮಾನ, 3.4 ದಾಟಿದರೆ ಬಲವಾದ ಅನುಮಾನ. ಟ್ಯಾಪ್ಸಿ 17 ಮಿ.ಮೀ.ಗಿಂತ ಕಡಿಮೆ ಇದ್ದರೆ ಬಲಭಾಗ ದಣಿದಿದೆ. ಹೊಸ ಯಂತ್ರವೇನೂ ಬೇಡ. ಇರುವ ಎಕೋ ಯಂತ್ರದಲ್ಲೇ ಇನ್ನಷ್ಟು ಹೊತ್ತು ನೋಡಬೇಕು, ಅಷ್ಟೇ.

ವರ್ಷಕ್ಕೊಮ್ಮೆ ಎಕೋ ಜೊತೆಗೆ ಇ.ಸಿ.ಜಿ., ಹೃದಯದ ಮೇಲಿನ ಒತ್ತಡ ತೋರುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ ಮತ್ತು ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಹಾಯುತ್ತದೆ ಎಂದು ಅಳೆಯುವ ಡಿಎಲ್‌ಸಿಒ ಪರೀಕ್ಷೆ ಆಗಬೇಕು. ಕೊಳವೆಯಲ್ಲಿ ಊದಿಸುವ ಸಾಮಾನ್ಯ ಸ್ಪೈರೋಮೆಟ್ರಿ ಪರೀಕ್ಷೆ ಡಿಎಲ್‌ಸಿಒ ಅಳೆಯುವುದಿಲ್ಲ. ಉಸಿರನ್ನು ಸುಮಾರು 10 ಸೆಕೆಂಡು ಹಿಡಿಯಬೇಕಾದ ಈ ಪರೀಕ್ಷೆಯಲ್ಲಿ, ಬಾಯಿ ಬಿಗಿದ ರೋಗಿಯ ತುಟಿ ಕೊಳವೆಗೆ ಸರಿಯಾಗಿ ಕೂಡದೆ ಗಾಳಿ ಸೋರುತ್ತದೆ. ಚಿಕ್ಕ ಕೊಳವೆ ಇಡಿಸಿ. ರಕ್ತಹೀನತೆ ಇದ್ದರೂ ಅಂಕಿ ಇಳಿಯುವುದರಿಂದ ಹಿಮೋಗ್ಲೋಬಿನ್ ಸೇರಿಸಿಯೇ ಲೆಕ್ಕ ಹಾಕಬೇಕು. ತಣ್ಣಗಾದ ಬೆರಳಿಗೆ ಹಾಕಿದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಕಿವಿಯ ಹಾಲೆಗೆ ಹಾಕುವಂಥದ್ದು ಬೇಕು.

ಅನುಮಾನ ಬಂದವರಿಗೆ ರಕ್ತನಾಳದ ಮೂಲಕ ಸಣ್ಣ ಕೊಳವೆ ಹಾಯಿಸಿ ಒತ್ತಡ ಅಳೆಯುವ ಬಲಹೃದಯದ ಕ್ಯಾಥೆಟರ್ ಪರೀಕ್ಷೆಯೇ ಕೊನೆಯ ಮಾತು: ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಮಿ.ಮೀ. ಪಾದರಸಕ್ಕಿಂತ ಹೆಚ್ಚಿದೆಯೇ, ಹೆಚ್ಚಿದ್ದರೆ ಕಾರಣ ರಕ್ತನಾಳವೋ ಎಡಹೃದಯವೋ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್‌ಗಳು ಹುಬ್ಬಳ್ಳಿ-ಧಾರವಾಡದಲ್ಲಿವೆ. ಗದಗ, ಹಾವೇರಿಯಿಂದ ಬರುವವರಿಗೆ ತಿಂಗಳಿಗೊಂದು ದಿನ ನಿಗದಿ ಮಾಡಿ, ಎಲ್ಲ ಪರೀಕ್ಷೆ ಒಂದೇ ಭೇಟಿಯಲ್ಲಿ ಮುಗಿಯಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಇವುಗಳ ವೆಚ್ಚದ ಬಗ್ಗೆ ಸ್ಪಷ್ಟ ಆದೇಶವಿರಲಿ. ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳುವ ಶ್ವಾಸಕೋಶದ ರಕ್ತನಾಳ ಸಡಿಲಿಸುವ 20 ಮಿ.ಗ್ರಾಂ ಸಿಲ್ಡೆನಾಫಿಲ್ ಗುಳಿಗೆ ಜಿಲ್ಲಾಸ್ಪತ್ರೆಯ ಔಷಧ ಕೌಂಟರಿನಲ್ಲೇ ಸಿಗಲಿ. ‘ವಯಾಗ್ರಾ’ ಎಂದು ಬೇರೆ ಕಾರಣಕ್ಕೆ ಹೆಸರಾದ ಈ ಔಷಧವನ್ನು ಅಂಗಡಿಯಲ್ಲಿ ಕೇಳಲು ಹೆಣ್ಣುಮಕ್ಕಳು ಮುಜುಗರಪಡುತ್ತಾರೆ.

ಇನ್ನೊಂದು ಮಾತು ತುರ್ತಿನದು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ ಎದೆನೋವಿನವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ಸಿಗುತ್ತಿರುವುದು ಒಳ್ಳೆಯದೇ. ಆದರೆ ಸಿಲ್ಡೆನಾಫಿಲ್ ತೆಗೆದುಕೊಳ್ಳುವವರ ನಾಲಿಗೆಯಡಿ ಎದೆನೋವಿನ ಸಾರ್ಬಿಟ್ರೇಟ್ ಗುಳಿಗೆ ಇಟ್ಟರೆ ಬಿ.ಪಿ. ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಪ್ರತಿ ರೋಗಿಗೂ ಕನ್ನಡದ ಕಾರ್ಡ್ ಕೊಡಿ. ಅದರಲ್ಲಿ ಇದು ಮೊದಲ ಸಾಲಾಗಿರಲಿ. ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಔಷಧ ಬೆರಳಿನ ರಕ್ತಸಂಚಾರವನ್ನು ಇನ್ನಷ್ಟು ಕೆಡಿಸಬಹುದು, ದಿನಕ್ಕೆ 15 ಮಿ.ಗ್ರಾಂ ಮೀರಿದ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮೂತ್ರಪಿಂಡಕ್ಕೆ ಅಪಾಯ ತಂದು ಬಿ.ಪಿ. ದಿಢೀರನೆ ಏರಿಸಬಹುದು ಎಂಬುದೂ ಇರಲಿ.

ತಾಲ್ಲೂಕು ಆಸ್ಪತ್ರೆ ನಿಮ್ಮ ಇಲಾಖೆಯದು, ಮೆಡಿಕಲ್ ಕಾಲೇಜು ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಕಡತ ಇವೆರಡರ ನಡುವೆ ನಿಲ್ಲದಂತೆ ಜಂಟಿ ಆದೇಶ ಹೊರಡಿಸಿ, ಮೂರೂ ಜಿಲ್ಲೆಗೆ ಸೇರಿ ಒಬ್ಬ ಜವಾಬ್ದಾರಿ ಅಧಿಕಾರಿಯನ್ನು ನೇಮಿಸಬೇಕೆಂದು ಕೋರುತ್ತೇವೆ.

ಇತಿ,
ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸ್ಕ್ಲೆರೋಡರ್ಮಾ ರೋಗಿಗಳ ಪರವಾಗಿ