ಕಲಕೇರಿ ದಾರಿಯಲ್ಲಿ ಗಾಡಿ ನಿಲ್ಲಿಸಿದ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತುಬಿಟ್ಟೆ. ಧಾರವಾಡದಿಂದ ಕಲಕೇರಿಗೆ ಹೊರಟಿದ್ದೆ. ಬಸ್ಸು ತಪ್ಪಿತ್ತು, ಮಳೆ ಬೇರೆ. ಹಾಲಿನ ಕ್ಯಾನು ಕಟ್ಟಿದ ಗಾಡಿ ನಿಲ್ಲಿಸಿ, "ಹತ್ರಿ ಅಕ್ಕಾರ, ನಾನೂ ಅದ ಕಡೆ ಹೊಂಟೇನಿ" ಅಂದಿರಿ. ಒಂದು ಕ್ಯಾನನ್ನು ನಿಮ್ಮ ಕಾಲ ಹತ್ತಿರ ಇಟ್ಟುಕೊಂಡು ನನಗೆ ಜಾಗ ಮಾಡಿಕೊಟ್ಟಿರಿ.

ನೀವು ಸಿಗದೇ ಇದ್ದಿದ್ದರೆ ಕಲಕೇರಿ ಸಂಗೀತ ವಿದ್ಯಾಲಯದ ಆ ಬೆಳಗ್ಗೆ ನನಗೆ ತಪ್ಪೇ ಹೋಗುತ್ತಿತ್ತು. 2002ರಲ್ಲಿ ಶುರುವಾದ ಶಾಲೆ ಅದು. ಬಡವರ ಮನೆ ಮಕ್ಕಳಿಗೆ ಊಟ, ವಸತಿ, ಓದು, ಜೊತೆಗೆ ಹಿಂದೂಸ್ತಾನಿ ಸಂಗೀತ. ಎಲ್ಲಾ ಉಚಿತ. ಮಲ್ಲಿಕಾರ್ಜುನ ಮನ್ಸೂರರ ಸೀಮೆಯಲ್ಲಿ ಇದು ಇರಬೇಕಾದ್ದೇ, ಅಲ್ವಾ?

ಹತ್ತು ವರ್ಷದ ಹುಡುಗಿ ಒಬ್ಬಳು ತಬಲಾ ಶ್ರುತಿ ಮಾಡುತ್ತಿದ್ದಳು. ಪುಟ್ಟ ಸುತ್ತಿಗೆಯಿಂದ ಅಂಚಿಗೆ ಒಂದೇಟು, ಆಮೇಲೆ ಕಿವಿ ಬಗ್ಗಿಸಿ ಕೇಳೋದು. ಮತ್ತೆ ಇನ್ನೊಂದೇಟು. ಮಳೆ ಸದ್ದಿನಲ್ಲೂ ಅವಳಿಗೆ ಸ್ವರ ಕೇಳಿಸುತ್ತಿತ್ತು. ಸರಿಹೋದಾಗ ಯಾರ ಕಡೆಗೂ ನೋಡಲಿಲ್ಲ, ಸುಮ್ನೆ ತಲೆಯಾಡಿಸಿದಳು. ಪಕ್ಕದ ಕೋಣೆಯಲ್ಲಿ ಭೂಪ್ ರಾಗ ನಡೆದಿತ್ತು. ನನಗೆ ಕಣ್ಣು ತುಂಬಿ ಬಂತು.

ಪೆಟ್ರೋಲಿಗೆ ದುಡ್ಡು ಕೊಡೋಕೆ ಬಂದರೆ ಕೈ ಅಡ್ಡ ಹಿಡಿದಿರಿ. "ಹುಡುಗ್ರು ಛಲೋ ಹಾಡ್ತಾವ, ಕುಂತು ಕೇಳ್ರಿ" ಅಂದಿರಿ. ಕೂತು ಕೇಳಿದೆ ಅಣ್ಣಾ, ಮಧ್ಯಾಹ್ನದವರೆಗೂ. ನಿಮಗೆ ಮನಸಾರೆ ಧನ್ಯವಾದ.