ಹುಟ್ಟಲಿರುವ ಮಗಳಿಗೊಂದು ಪತ್ರ

ಮುದ್ದು ಮಗಳೇ,

ನೀನು ಹೆಣ್ಣು ಅಂತ ನನಗೆ ಆಗಲೇ ಗೊತ್ತು. ಸ್ಕ್ಯಾನ್ ಮಾಡುವಾಗ ಡಾಕ್ಟರೇ ನಗುತ್ತಾ ಹೇಳಿದರು. ಜಪಾನಿನಲ್ಲಿ ಹಾಗೆ ಹೇಳಲು ಅಡ್ಡಿಯಿಲ್ಲ. ನಮ್ಮಲ್ಲಿ ಹೇಳುವ ಹಾಗಿಲ್ಲ, 1994ರ ಕಾನೂನು ಅದನ್ನು ತಡೆಯುತ್ತದೆ. ಹೆಣ್ಣು ಅಂತ ತಿಳಿದ ಕೂಡಲೇ ಹೊಟ್ಟೆಯಲ್ಲೇ ಕೊಲ್ಲುವವರಿದ್ದರು, ಅದಕ್ಕೇ ಆ ಕಾನೂನು ಬಂತು. ಅದು ಇರಲೇಬೇಕು. ಆದರೆ ನಿನ್ನನ್ನು ಈಗಲೇ 'ಮಗಳೇ' ಅಂತ ಕರೆಯುವ ಸುಖ ನನಗೆ ಸಿಕ್ಕಿದೆ. ದಿನವೂ ಕರೆಯುತ್ತೇನೆ.

ನೀನು ಬರುತ್ತೀ ಅಂತ ಖಚಿತವಾದ ಮೇಲೆ ವಾರ್ಡ್ ಕಚೇರಿಗೆ ಹೋಗಿ ತಿಳಿಸಿದೆವು. ಅಲ್ಲಿ 'ಬೋಶಿ ತೆಚೋ' ಎನ್ನುವ ಪುಟ್ಟ ಪುಸ್ತಕ ಕೊಟ್ಟರು. ನಮ್ಮ ತಾಯಿ ಕಾರ್ಡ್ ಇದೆಯಲ್ಲ, ಆ ಥರದ್ದು. ತಾಯಿಗೂ ಮಗುವಿಗೂ ಸೇರಿ ಒಂದೇ ಪುಸ್ತಕ ಕೊಡುವುದು ಇಲ್ಲಿ 1948ರಿಂದ ಇದೆ. ಈಗ ಅದರಲ್ಲಿ ನನ್ನ ತೂಕ, ಬಿಪಿ. ಮುಂದಿನ ಹಾಳೆಗಳು ನಿನ್ನ ಲಸಿಕೆಗಳಿಗೆ ಖಾಲಿ ಇವೆ. ಪರದೇಶದವರು ಅಂತ ಭೇದವಿಲ್ಲದೆ ನನಗೂ ಕೊಟ್ಟರು.

ಬ್ಯಾಗಿಗೆ ಹಾಕಿಕೊಳ್ಳಲು ಗುಲಾಬಿ ಬಣ್ಣದ ಒಂದು ಬಿಲ್ಲೆಯೂ ಸಿಕ್ಕಿತು, ಬಸುರಿ ಅನ್ನುವ ಗುರುತು. ರೈಲಿನಲ್ಲಿ ಅದನ್ನು ಕಂಡವರು ಎದ್ದು ಸುಮ್ನೆ ಆಚೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ನಾನು ಥ್ಯಾಂಕ್ಸ್ ಹೇಳುವ ಸಂಕೋಚವೂ ಇರಬಾರದು ಅಂತ. ಇಲ್ಲಿಯವರ ಅಕ್ಕರೆ ಹೀಗೇ. ನಮ್ಮೂರಲ್ಲಾಗಿದ್ದರೆ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರೂ ಹೊಟ್ಟೆ ಸವರುತ್ತಿದ್ದರು. ಇಲ್ಲಿ ಯಾರೂ ಮುಟ್ಟಲ್ಲ. ಆದರೆ ನಾನು ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ ಮಕ್ಕಳು ತಾವೇ ತರಗತಿ ಗುಡಿಸಿ ಒರೆಸುತ್ತಾರಲ್ಲ, ಆಗ ನಾನು ಡೆಸ್ಕಿಗೆ ಕೈ ಹಾಕುವ ಮೊದಲೇ ಇಬ್ಬರು ಬಂದು ಎತ್ತಿಕೊಂಡು ಹೋಗುತ್ತಾರೆ. ಮೆಟ್ಟಿಲಲ್ಲಿ ಓಡುವ ಹುಡುಗರು ನನ್ನನ್ನು ಕಂಡರೆ ನಿಧಾನವಾಗುತ್ತಾರೆ. ಇದೂ ಪ್ರೀತಿಯೇ ಮಗಳೇ. ನೀನು ಇಲ್ಲಿ ಬೆಳೆಯುವಾಗ ಇದನ್ನು ಗುರುತಿಸಬೇಕು.

ಐದನೇ ತಿಂಗಳಲ್ಲಿ ಸಹಶಿಕ್ಷಕಿಯೊಬ್ಬರು ಟೋಕಿಯೋದ ಸುಯಿತೆಂಗೂ ದೇಗುಲಕ್ಕೆ ಕರೆದುಕೊಂಡು ಹೋದರು. ಪಂಚಾಂಗದ ಪ್ರಕಾರ ಅಂದು 'ನಾಯಿಯ ದಿನ'. ಹನ್ನೆರಡು ದಿನಕ್ಕೊಮ್ಮೆ ಬರುತ್ತದೆ. ನಾಯಿಗೆ ಹೆರಿಗೆ ಸುಲಭ ಅಂತ ಇವರ ನಂಬಿಕೆ. ಅದಕ್ಕೆ ಆ ದಿನ ಹೊಟ್ಟೆಗೆ ಬಟ್ಟೆ ಸುತ್ತಿಕೊಂಡು ಬೇಡಿಕೊಳ್ಳುತ್ತಾರೆ. ನಾನೂ ಕಣ್ಣು ಮುಚ್ಚಿ ಬೇಡಿಕೊಂಡೆ. ಏಳನೇ ತಿಂಗಳಿಗೆ ನಮ್ಮ ಸೀಮಂತ, ಅಜ್ಜಿ ಪಾರ್ಸೆಲ್‌ನಲ್ಲಿ ಕಳಿಸಿದ ಹಸಿರು ಬಳೆ. ನಿನಗೆ ಎರಡೂ ಕಡೆಯ ಹಾರೈಕೆ ಇದೆ.

"ಹೆರಿಗೆಗೆ ತವರಿಗೆ ಹೋಗಲ್ವಾ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದಾಗ ನನಗೆ ಗಂಟಲು ಕಟ್ಟಿತು. ಇವರಲ್ಲೂ ಆ ಪದ್ಧತಿ ಇದೆ. ನನಗೆ ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ರಜೆ. ಅಷ್ಟರಲ್ಲಿ ಹೋಗಿ ಬರುವುದು ಬೇಡ ಅನ್ನಿಸಿತು. ಹಾಗಾಗಿ ಅಜ್ಜಿಯೇ ಇಲ್ಲಿಗೆ ಬರುತ್ತಾರೆ, ಬಾಣಂತಿ ಖಾರದ ಸಾಮಾನು ಕಟ್ಟಿಕೊಂಡು.

ಇಲ್ಲಿ ಹುಟ್ಟಿದ ಮಾತ್ರಕ್ಕೆ ನೀನು ಜಪಾನಿನ ಪ್ರಜೆ ಆಗಲ್ಲ. ನಮ್ಮ ಹಾಗೆ ಭಾರತದವಳೇ. ಆದರೂ 14 ದಿನದೊಳಗೆ ವಾರ್ಡ್ ಕಚೇರಿಗೆ ನಿನ್ನ ಜನನ ತಿಳಿಸಬೇಕು. ನಕ್ಷತ್ರ ನೋಡಿ 11ನೇ ದಿನ ನಾಮಕರಣ ಅಂತ ಅಜ್ಜಿ ನಿಶ್ಚಯಿಸಿದ್ದಾರೆ, ಮಾರನೇ ದಿನವೇ ಅಪ್ಪ ಅರ್ಜಿ ಕೊಟ್ಟು ಬರುತ್ತಾರೆ. ಹೆಸರು ಮಾತ್ರ ಇನ್ನೂ ಒಪ್ಪಿಗೆಯಾಗಿಲ್ಲ. ಅಜ್ಜಿಗೆ ದೇವರ ಹೆಸರು ಬೇಕು, ಅಪ್ಪನಿಗೆ ನದಿಯ ಹೆಸರು. ಎರಡೂ ಆಗುವ ಹಾಗೆ ನಾನು 'ಕಾವೇರಿ' ಅಂದಿದ್ದೇನೆ.

ನಿನ್ನ
ಅಮ್ಮ