ಹಳೆಯ ಲಿವರ್ ರೈಫಲ್ ಕೊಳ್ಳುವ ಮುನ್ನ ಪರೀಕ್ಷೆಗೆ ಒಂದು ವ್ಯವಸ್ಥೆ ಬೇಕು

ಮಾನ್ಯ ಸಂಪಾದಕರೇ,

ಕೊಡಗಿನವರ ಕೋವಿ ಹಕ್ಕಿನ ಕುರಿತು ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿದ್ದು, 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು ಓದುಗರಿಗೆ ತಿಳಿದೇ ಇದೆ. ಆದರೆ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುವ ಹಳೆಯ ಬಂದೂಕುಗಳ ಸುರಕ್ಷತೆಯ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ತೋಟದ ಬಂಗಲೆಗಳಿಂದ ಹೊರಬಂದ ಅಮೆರಿಕದ ಲಿವರ್ ರೈಫಲ್ಲುಗಳು ಅಪರೂಪಕ್ಕೆ ಮಾರಾಟಕ್ಕೆ ಸಿಕ್ಕಾಗ, ನಮ್ಮ ಹುಡುಗರು ಅದರ ಅಂದಕ್ಕೆ ಮರುಳಾಗಿ ಒಳಗೇನಿದೆ ಎಂದು ನೋಡದೆ ಮುಂಗಡ ಕೊಟ್ಟು ಬರುತ್ತಿದ್ದಾರೆ.

ಟ್ರಿಗರಿನ ಕೆಳಗಿನ ಬಳೆಯಂಥ ಹಿಡಿಕೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುವ ಈ ರೈಫಲ್ಲುಗಳ ಪೈಕಿ, ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1892 ಮತ್ತು 1894ರ ಮಾದರಿಗಳು ಜಗತ್ತಿನಲ್ಲೆಲ್ಲ ಹೆಸರು ಮಾಡಿದವು. 1980ರ ದಶಕದಿಂದ ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳಲು ಬಿಗಿ ನಿರ್ಬಂಧವಿರುವ ಕಾರಣ, ಇಲ್ಲಿ ಸಿಗುವುದೆಲ್ಲ ಬಹುತೇಕ ಎರಡು ಮೂರು ತಲೆಮಾರು ಕಂಡ ಸರಕು. ಮಳೆಗಾಲದ ನಮ್ಮ ತೇವಾಂಶದಲ್ಲಿ ಎಣ್ಣೆ ಕಾಣದೆ ಗೋಡೆಗೆ ನೇತುಬಿದ್ದ ರೈಫಲ್ಲಿನ ನಳಿಗೆ ಏನಾಗಿರಬಹುದೆಂದು ಯಾರಾದರೂ ಊಹಿಸಬಹುದು. ಮಾರುವವರು ಮರದ ಹಿಡಿಗೆ ವಾರ್ನಿಶ್ ಬಳಿದು, ಕಬ್ಬಿಣಕ್ಕೆ ಹೊಸದಾಗಿ ಕಪ್ಪು ಬಣ್ಣ ಹಾಕಿಸಿ ತಂದಿರುತ್ತಾರೆ. ಅಂಥ ಹೊಳಪು ಕಂಡಾಗಲೇ ಹೆಚ್ಚು ಎಚ್ಚರ ವಹಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಲಿವರನ್ನು ಪೂರ್ತಿ ತೆರೆದು, ನಳಿಗೆಯ ಬುಡವೂ ಅದರ ಕೆಳಗಿನ ತೋಟಾ ಕೊಳವೆಯೂ ಖಾಲಿಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಆಮೇಲೆ, ಲಿವರ್ ತೆರೆದಿರುವಾಗಲೇ, ಬುಡದ ಬಳಿ ಬಿಳಿ ಕಾಗದದ ತುಂಡನ್ನಿಟ್ಟು ಬೆಳಕು ಬೀಳಿಸಿ ನಳಿಗೆಯ ಬಾಯಿಯಿಂದ ನೋಡಿದರೆ, ಒಳಗಿನ ಸುರುಳಿ ಗೀರುಗಳು ಚೂಪಾಗಿವೆಯೋ, ತುಕ್ಕು ತಿಂದು ಗುಳಿ ಬಿದ್ದಿವೆಯೋ ತಿಳಿಯುತ್ತದೆ. ನಳಿಗೆಯಲ್ಲಿ ಉಂಗುರದಂಥ ನೆರಳು ಕಂಡರೆ ಅಲ್ಲಿ ಹಿಂದೊಮ್ಮೆ ಏನೋ ಸಿಕ್ಕಿಕೊಂಡು ಲೋಹ ಉಬ್ಬಿರುವ ಸಾಧ್ಯತೆ ಇದ್ದು, ಅಂಥ ರೈಫಲ್ಲನ್ನು ಬಿಟ್ಟಿ ಕೊಟ್ಟರೂ ತರಬಾರದು. ಹಳೆಯ ವಿಂಚೆಸ್ಟರುಗಳಲ್ಲಿ ಬೇರೆ ಸೇಫ್ಟಿ ಇಲ್ಲ. ಕುದುರೆಯನ್ನು, ಅಂದರೆ ಟ್ರಿಗರ್ ಎಳೆದಾಗ ಬಡಿದು ಗುಂಡು ಹಾರಿಸುವ ಭಾಗವನ್ನು, ಅರ್ಧಕ್ಕೆ ನಿಲ್ಲಿಸುವ ಒಂದು ಕಚ್ಚೇ ಅದರ ಏಕೈಕ ರಕ್ಷಣೆ. ಖಾಲಿ ರೈಫಲ್ಲಿನಲ್ಲಿ ಕುದುರೆಯನ್ನು ಆ ಕಚ್ಚಿನಲ್ಲಿ ನಿಲ್ಲಿಸಿ ಟ್ರಿಗರ್ ಎಳೆದು ನೋಡಬೇಕು. ಆಗ ಕುದುರೆ ಬಿದ್ದರೆ, ಹೆಗಲಿಗೇರಿಸಿಕೊಂಡು ನಡೆಯುವಾಗಲೂ ಅದು ಬೀಳಬಹುದು. ಸ್ಕ್ರೂಗಳ ತಲೆ ಕಿತ್ತು ಹೋಗಿದ್ದರೆ ಅರೆಬರೆ ಬಲ್ಲವರು ಒಳಗೆ ಕೈಹಾಕಿದ್ದಾರೆಂದೇ ತಿಳಿಯಬೇಕು.

ತೋಟಾದ ವಿಷಯವನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ದೇಶದಲ್ಲೇ ತಯಾರಾಗಿ ಸಿಗುವ ರೈಫಲ್ ತೋಟಾಗಳು ಮುಖ್ಯವಾಗಿ .22, .315 ಮತ್ತು .30-06 ಅಳತೆಯವು. ಲಿವರ್ ರೈಫಲ್ಲುಗಳಲ್ಲಿ ಬಹುಪಾಲು .30-30, .44-40ರಂಥ ಅಳತೆಗಳವು. ಇವಕ್ಕೆ ವಿದೇಶಿ ತೋಟಾವನ್ನೇ ಹುಡುಕಬೇಕು. ಹೀಗಿರುವಾಗ ಯಾರದೋ ಪೆಟ್ಟಿಗೆಯಲ್ಲಿ ಉಳಿದ, ವಯಸ್ಸು ತಿಳಿಯದ ತೋಟಾಗಳನ್ನು ಹಾಕಿ ಹೊಡೆಯುವ ಆಸೆ ಹುಟ್ಟುತ್ತದೆ. ಅಲ್ಲದೆ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುವುದರಿಂದ, ಚೂಪು ಮೂತಿಯ ಗುಂಡು ಮುಂದಿನ ತೋಟಾದ ಬುಡದಲ್ಲಿ ಬೆಂಕಿ ಹೊತ್ತಿಸುವ ಕೇಪಿಗೆ ತಾಗಿ ಕೊಳವೆಯೊಳಗೇ ಸಿಡಿಯುವ ಅಪಾಯವಿದೆ. ಇಂಥವಕ್ಕೆ ಚಪ್ಪಟೆ ಮೂತಿಯ ಗುಂಡುಗಳನ್ನೇ ಬಳಸಬೇಕೆಂದು ಮಾರುವವರು ಹೇಳುವುದು ಅಪರೂಪ. ವಿಂಚೆಸ್ಟರ್ 1895ರ ಮಾದರಿಯಲ್ಲಿ ಕೊಳವೆ ಇಲ್ಲದ್ದರಿಂದ ಈ ಭಯವಿಲ್ಲ. ಆದರೆ ಆ ಮಾದರಿ .303 ಅಳತೆಯಲ್ಲೂ ಬಂದಿತ್ತು. ನಮ್ಮಲ್ಲಿ .303 ನಿರ್ಬಂಧಿತ ಬೋರ್ (ನಳಿಗೆಯ ಅಳತೆ) ಆಗಿರುವುದರಿಂದ ಅದಕ್ಕೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕಾಗುತ್ತದೆ.

ಕಾಗದಪತ್ರದ ಕಡೆಯೂ ಅವಸರ ಸಲ್ಲದು. ಪರವಾನಗಿದಾರರು ತಮ್ಮ ಬಂದೂಕನ್ನು ಇನ್ನೊಬ್ಬರಿಗೆ ಮಾರುವ ಮುನ್ನ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತದೆ. ವಿನಾಯಿತಿ ಪತ್ರವಿರುವವರೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸದೆ ಹಣ ಕೊಡಬಾರದು. 2019ರ ತಿದ್ದುಪಡಿಯ ನಂತರ ಪರವಾನಗಿದಾರರೊಬ್ಬರಿಗೆ ಎರಡೇ ಬಂದೂಕುಗಳ ಮಿತಿ ಇದೆ ಎಂಬುದೂ ನೆನಪಿರಲಿ. ಗುರುತಿನ ಸಂಖ್ಯೆಯನ್ನು ಉಜ್ಜಿ ಅಳಿಸಿರುವ ರೈಫಲ್ಲನ್ನು ಮುಟ್ಟಲೇಬಾರದು.

ಕೊಳ್ಳುವವರ ಎಚ್ಚರ ಒಂದರಿಂದಲೇ ಇದು ಸರಿಹೋಗದು. ವರ್ಗಾವಣೆಯ ಹೊತ್ತಿಗೆ ಅರ್ಜಿ, ಗುರುತಿನ ಚೀಟಿ, ಸಂಖ್ಯೆ ಎಲ್ಲವನ್ನೂ ಕಚೇರಿಯವರು ನೋಡುತ್ತಾರೆ, ಸರಿಯೇ. ಆದರೆ ಆ ಬಂದೂಕು ಹಾರಿಸಲು ಯೋಗ್ಯವೇ ಎಂದು ಕೇಳಿದವರನ್ನು ನಾನು ಕಾಣೆ. ಹೊಸ ಬಂದೂಕಿಗೆ ಕಾರ್ಖಾನೆಯಲ್ಲೇ ಒತ್ತಡ ಪರೀಕ್ಷೆಯಾಗುವಾಗ, ನೂರು ವರ್ಷದ ರೈಫಲ್ಲಿಗೆ ಯಾವ ಪರೀಕ್ಷೆಯೂ ಇಲ್ಲದಿರುವುದು ಸರಿಯಲ್ಲ. ಜಿಲ್ಲಾ ಪೊಲೀಸ್ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧಗಳ ನಿರ್ವಹಣೆ ಬಲ್ಲ ಆರ್ಮರರ್‌ಗಳಿದ್ದಾರೆ. ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಮುಂಚಿನ ವಾರಗಳಲ್ಲಾದರೂ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಶುಲ್ಕ ಪಡೆದು ಹಳೆಯ ಬಂದೂಕುಗಳನ್ನು ಪರೀಕ್ಷಿಸಿ ಲಿಖಿತ ವರದಿ ಕೊಡುವ ಶಿಬಿರವನ್ನು ಜಿಲ್ಲಾಡಳಿತ ನಡೆಸಬೇಕು, ಮತ್ತು ಆ ವರದಿಯನ್ನು ವರ್ಗಾವಣೆಯ ಅರ್ಜಿಯೊಂದಿಗೆ ಲಗತ್ತಿಸುವುದನ್ನು ಕಡ್ಡಾಯ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಒಬ್ಬ ಕಾಫಿ ಬೆಳೆಗಾರ
ವಿರಾಜಪೇಟೆ ತಾಲ್ಲೂಕು, ಕೊಡಗು